ಶನಿವಾರ ಬಂದ ಹಿಂಡು

ಕುಲಗೋಡದ ಪಂಚಾಯತಿ ಗ್ರಂಥಾಲಯಕ್ಕೆ ಪುಸ್ತಕ ಓದಲು ಬರುವವರಿಗಿಂತ ಅದನ್ನು ನೋಡಿಕೊಳ್ಳುವ ದಾಕ್ಷಾಯಿಣಿಯ ಹತ್ತಿರ ಮಾತು ಇಟ್ಟು ಹೋಗಲು ಬರುವವರೇ ಹೆಚ್ಚು. ಮುನಿಸಿಕೊಂಡು ತವರಿಗೆ ಹೋದ ಸೊಸೆಗೆ ಅತ್ತೆ ಹೇಳಿಕಳಿಸುವ ಮಾತು, ಹೊಲದ ಬಾಂದದ ಜಗಳದಲ್ಲಿ ಮಾತು ಬಿಟ್ಟ ಅಣ್ಣ ತಮ್ಮಂದಿರ ಮಾತು, ಎಲ್ಲ ಅವಳ ಕಿವಿಗೆ ಬಂದು, ಮುಳ್ಳು ಕಳಕೊಂಡು, ತಲುಪಬೇಕಾದಲ್ಲಿಗೆ ತಲುಪುತ್ತಿತ್ತು. ಕಣಗಲಾದಲ್ಲಿ ಹೆದ್ದಾರಿ ಬಾಜೂ ಕಿರಾಣಿ ಅಂಗಡಿ ಇಟ್ಟಿದ್ದವರ ಮಗಳು. ಹತ್ತನೇ ಇಯತ್ತೆ ಮುಗಿಸಿ, ಅಪ್ಪಣ್ಣನ ಕೈ ಹಿಡಿದು ಈ ಊರಿಗೆ ಬಂದವಳು. ಮುಂದಿನದನ್ನೆಲ್ಲ ಗ್ರಂಥಾಲಯದ ಕಪಾಟಿನಿಂದಲೇ ಕಲಿತಳು. ಬೆಳಿಗ್ಗೆ ಮಿಂದು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿ ಕೂರುವ ಅರ್ಧ ತಾಸು ಬಿಟ್ಟರೆ ಉಳಿದ ದಿನವೆಲ್ಲ ಅವಳು ಊರಿನವಳು.

ಊರಿನ ಹುಡುಗರನ್ನು ಒಂದುಗೂಡಿಸಬೇಕು ಎಂದು ಅವಳೇನೂ ಹೊರಟಿರಲಿಲ್ಲ. ಅದು ಗೋಕಾಕದಿಂದ ಬರುವ ಸಂಜೆಯ ಬಸ್ಸಿನಲ್ಲಿ ಹುಟ್ಟಿತು. ಮುಂದಿನ ಸೀಟಿನಲ್ಲಿ ಅದೇ ಊರಿನ ಕೇದಾರಿ ಕೂತಿದ್ದ, ನಾಲ್ಕೆಕರೆ ಕಬ್ಬಿರುವ ಮನೆಯ ಹುಡುಗ, ಡಿಗ್ರಿಯ ಕೊನೆಯ ವರ್ಷ. ಅವನ ಎದುರಿಗೆ ಅವನದೇ ಕಾಲೇಜಿನ ಅರ್ಚನಾ. ಹತ್ತರಗಿಯ ಕುರುಬರ ಹುಡುಗಿ. ಆ ದಿನ ಕುಲಗೋಡದ ಹತ್ತಿರ ಬೀಡುಬಿಟ್ಟಿದ್ದ ತನ್ನ ಅಜ್ಜನ ಹಿಂಡಿಗೆ ಹೊರಟಿದ್ದಳು. ಕಿಟಕಿಯ ಹೊರಗೆ ಕಡಿದ ಕಬ್ಬಿನ ಹೊಲಗಳಲ್ಲಿ ರವದಿಗೆ, ಅಂದರೆ ಕಬ್ಬಿನ ಒಣ ಗರಿಗೆ, ಬೆಂಕಿ ಇಟ್ಟಿದ್ದರು. ಹೊಗೆ ಬಸ್ಸಿನೊಳಗೆಲ್ಲ ತುಂಬಿ ಕೂಸುಗಳು ಕೆಮ್ಮತೊಡಗಿದ್ದವು.

"ನೋಡ್ರಿ ಕಬ್ಬಿನ ಸಾವ್ಕಾರ್ರ," ಅರ್ಚನಾ ಅಂದಳು, "ನಮ್ಮ ಕುರಿ ತಿನ್ನೂದನ್ನ ನೀವು ಸುಡ್ತೀರಿ. ಆಮ್ಯಾಲ ಮಣ್ಣಾಗ ಕಸುವಿಲ್ಲಂತ ಗೊಬ್ಬರದ ಅಂಗಡಿ ಮುಂದ ಪಾಳಿ ಹಚ್ಚತೀರಿ."

"ನಿಮ್ಮ ಕುರಿ ಬಂದ್ರ ರವದಿ ಅಷ್ಟ ತಿಂತಾವೇನ? ಬಾಜೂದವರ ಮೆಣಸಿನಗಿಡಾನೂ ಬಿಡೂದಿಲ್ಲ. ಅವಕ್ಕೇನ ಸರ್ವೆ ನಂಬರ್ ಓದಾಕ ಬರತೈತಿ?"

"ಕಾವಲಾಕ ನಾವದೇವಿ. ನಿಮ್ಮಂಗ ಬೆಂಕಿ ಹಚ್ಚಿ ಮನಿಗೆ ಹೋಗಿ ಚಹಾ ಕುಡಿಯೂದಿಲ್ಲ."

ಬಸ್ಸಿನವರೆಲ್ಲ ನಕ್ಕರು. ಹಿಂದೆ ಕೂತಿದ್ದ ದಾಕ್ಷಾಯಿಣಿ ಮುಂದಕ್ಕೆ ಬಾಗಿ, "ಇಬ್ಬರೂ ಐತವಾರ ನನ್ನ ಗ್ರಂಥಾಲಯಕ್ಕ ಬಂದು ಇದನ್ನ ಮತ್ತೊಮ್ಮೆ ಜಗಳಾಡ್ರೆಪ್ಪಾ," ಅಂದಳು. "ಇಲ್ಲೆ ಪೂರಾ ಕೇಳಸವಲ್ದು."

ಅವರು ಬಂದರು. ಮುಂದಿನ ಐತವಾರ ಊರಿನ ಮಾಳು ಬಂದ, ಸುಮನ ಬಂದಳು, ಇನ್ನೂ ಆರೇಳು ಮಂದಿ ಬಂದರು. ಜಗಳ ಮುಗಿಯಲು ಒಂದು ತಿಂಗಳು ಹಿಡಿಯಿತು. ದಾಕ್ಷಾಯಿಣಿ ಚಹಾ ಮಾಡಿಕೊಡುತ್ತ ಕೇಳುತ್ತಲೇ ಇದ್ದಳು. ಕೊನೆಗೆ ಹುಡುಗರೇ ಒಂದು ಕರಾರಿಗೆ ಬಂದರು. ಊರಿನ ಹನ್ನೊಂದು ಮನೆಯ ಹೊಲಗಳಲ್ಲಿ ರವದಿ ಸುಡಬಾರದು. ಕಬ್ಬು ಕಡಿದ ಮೇಲೆ, ಬುಡದಿಂದ ಕೂಳಿ ಚಿಗುರುವ ಮುಂಚೆ, ಹಿಂಡು ತಂಗಲು ಅಲ್ಲಿ ಕುರಿ ಹಟ್ಟಿ ಹಾಕಬೇಕು. ರವದಿಯಲ್ಲಿ ಉಳಿದ ಹಸಿರು ಗರಿ ಕುರಿಗೆ, ಹಿಕ್ಕೆ ಮಣ್ಣಿಗೆ. ಯಾವ ಹೊಲಕ್ಕೆ ಯಾವ ದಿನ, ನೀರು ಎಲ್ಲಿ ಎಂಬುದನ್ನು ಹುಡುಗರು ಗೊತ್ತುಮಾಡಿ ಕುರುಬರಿಗೆ ತಿಳಿಸಬೇಕು.

ಆದರೆ ಅರ್ಚನಾಳ ಅಜ್ಜ ಬೀರಸಿದ್ದಪ್ಪ ಹಿಂಡು ಮಾರಲು ನಿಂತಿದ್ದ. ಅವನನ್ನು ಒಪ್ಪಿಸಲು ದಾಕ್ಷಾಯಿಣಿ ಹತ್ತರಗಿಗೆ ಹೋದಳು. ಮುದುಕ ಕಂಬಳಿ ಹಾಸಿ ಕೂರಿಸಿದ. ಅವನ ಹೆಂಡತಿ ಲಗಮವ್ವ ಹಾಲು ತಂದಿಟ್ಟಳು.

"ಪುಸ್ತಕದ ಬಾಯಾರ," ಬೀರಸಿದ್ದಪ್ಪ ಅಂದ, "ಎಲ್ಲಿ ಹೋದರೂ ಕಬ್ಬು, ತಂತಿಬೇಲಿ. ನಿಂದರಾಕ ಜಾಗಾ ಇಲ್ಲ. ಈ ಹುಡುಗಿ ಮಾತ್ರ ಮಾರಬ್ಯಾಡ ಅಂತಾಳ. ಕಾಲೇಜ ಕಲತಾಕಿ ಕುರಿ ಹಿಂದ ಬರತೇನಿ ಅಂತಾಳ, ಖರೆ ಅಂತೀರೇನ?"

"ಖರೆ ಐತಿ ಅಜ್ಜಾ. ನಾ ಕೇಳೀನಿ."

"ನಿಮ್ಮೂರಾಗ ನನ್ನ ಕುರಿ ಜೀವಾಳಕ್ಕ ಏನೂ ಆಗೂದಿಲ್ಲಂತ ಯಾರು ಹೇಳವರು? ಆ ಹುಡುಗೂರು?"

"ನಾನು."

ಮುದುಕ ಎದ್ದು ಬೀರದೇವರ ಜಗಲಿಯಿಂದ ಭಂಡಾರದ ಚೀಲ ತಂದ. ಆ ಅರಿಶಿನದ ಪುಡಿ ಮುಟ್ಟಿ ಕೊಟ್ಟ ಮಾತನ್ನು ಅವನ ಮಂದಿಯಲ್ಲಿ ಯಾರೂ ಹಿಂದಕ್ಕೆ ತಗೊಳ್ಳುವುದಿಲ್ಲ. "ಲಿಂಗ ಕಟ್ಟಿದವರು ಇದನ್ನ ಮುಟ್ಟತೀರೇನ?" ಎಂದು ಕೇಳಿದ. ದಾಕ್ಷಾಯಿಣಿ ಸೆರಗು ಹೊದ್ದುಕೊಂಡು ಎರಡೂ ಕೈ ಚಾಚಿದಳು. ಅವಳ ಲಿಂಗವೂ ಬೀರದೇವರೂ ಬೇರೆ ಬೇರೆ ಎಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ.

ಮೊದಲ ವರ್ಷ ಚೆನ್ನಾಗಿ ನಡೆಯಿತು. ಹನ್ನೊಂದು ಹೊಲಗಳಲ್ಲಿ ಹೊಗೆ ಏಳಲಿಲ್ಲ. ಕೇದಾರಿಯ ಬಾವಿಯ ಪಕ್ಕದ ಕಲ್ಲಿನ ದೋಣಿಯಲ್ಲಿ ಹಿಂಡು ನೀರು ಕುಡಿಯಿತು. ಲಗಮವ್ವ ಸುಮನಳಿಗೆ ಉಣ್ಣೆ ನೂಲುವುದನ್ನು ಕಲಿಸಿದಳು. ಅರ್ಚನಾ ಮರಿ ಎತ್ತಿಕೊಂಡು, "ಹಿಡೀರಿ ಸಾವ್ಕಾರ್ರ, ಇದಕ್ಕೊಂದು ಸರ್ವೆ ನಂಬರ್ ಓದಾಕ ಕಲಸ್ರಿ," ಎಂದು ಕೇದಾರಿಯ ತೋಳಿಗೆ ಇಟ್ಟಳು. ಮಳೆಗಾಲಕ್ಕೆ ಹಿಂಡು ಹತ್ತರಗಿಯ ಗುಡ್ಡಗಳಿಗೆ ಮರಳಿತು. ಆ ವರ್ಷ ಮುದುಕ ಮಾರುವ ಮಾತು ಎತ್ತಲಿಲ್ಲ.

ಸುದ್ದಿ ಹುಕ್ಕೇರಿಯ ಒಂದು ಸಂಸ್ಥೆಗೆ ಮುಟ್ಟಿತು. ಊರೂರಿನ ಹುಡುಗ ಹುಡುಗಿಯರನ್ನು ಕುರುಬರು, ರೈತರು, ಪಂಚಾಯತಿಗಳ ಜತೆ ಸೇರಿಸಿ ನೆಲ ನೀರು ಉಳಿಸುವ ಕೆಲಸ ಮಾಡಬೇಕೆನ್ನುವವರು ಅವರು. ನಿಮ್ಮ ಕರಾರನ್ನು ಇಪ್ಪತ್ತು ಊರಿಗೆ ಒಯ್ಯೋಣ, ಬಂದು ಹೇಳಿ ಎಂದು ದಾಕ್ಷಾಯಿಣಿಯನ್ನು ಕರೆದರು. ಸಭೆ ಜನವರಿಯ ಒಂದು ಶುಕ್ರವಾರ. ಆ ವರ್ಷದ ಹಿಂಡು ಕುಲಗೋಡಕ್ಕೆ ಬರುವುದು ಅದರ ಮರುದಿನ ಬಿಟ್ಟು ಐತವಾರ ಎಂದು ಗೊತ್ತಾಗಿತ್ತು. ಆ ಐತವಾರ ಅವರಾತ್ರಿ ಅಮಾವಾಸ್ಯೆ. ಕ್ಯಾಲೆಂಡರಿನಲ್ಲಿ ಕಪ್ಪು ಚುಕ್ಕೆ ಇದ್ದರೂ ಹುಡುಗರು ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕುರಿ ಹಾಯದ ಮೂರು ಹೊಲಗಳಲ್ಲಿ ರವದಿಯನ್ನು ಅಲ್ಲೇ ಕೊಳೆಸುವುದೆಂದು ಮಾತಾಗಿತ್ತು. ಬೇಗ ಕೊಳೆಯಲೆಂದು ಸ್ವಲ್ಪ ಯೂರಿಯಾವನ್ನು ಕೇದಾರಿಯ ಬಾವಿಯ ದೋಣಿಯಲ್ಲಿ ಕದಡಿ, ಆ ನೀರು ಚಿಮುಕಿಸಬೇಕು. ಅದನ್ನು ಶನಿವಾರ ಮುಗಿಸಿ, ದೋಣಿಯನ್ನು ಸಂಜೆ ತಿಕ್ಕಿ ತೊಳೆದು, ಐತವಾರಕ್ಕೆ ಕುರಿಗಳಿಗೆ ಹೊಸ ನೀರು ತುಂಬಬೇಕು. ಅದು ಕೇದಾರಿಯ ಪಾಲಿನ ಕೆಲಸ.

ಶುಕ್ರವಾರ ಹನ್ನೊಂದು ಗಂಟೆ. ಹುಕ್ಕೇರಿಯ ಸಭಾಭವನದ ಬಾಗಿಲಲ್ಲಿ ನಿಂತಿದ್ದಾಗ ದಾಕ್ಷಾಯಿಣಿಯ ಫೋನು ಬಡಿಯಿತು.

"ಅಕ್ಕಾರ, ಅರ್ಚನಾ. ಪರೀಕ್ಷಾಕ್ಕ ಒಳಗ ಹೋಗಾಕತ್ತೇನಿ, ಲಗೂನ ಹೇಳತೇನಿ. ಅಜ್ಜ ನಾಳಿಗೇ ಬರತಾನಂತ. ಅಮಾಸಿ ದಿನ ನಮ್ಮನ್ಯಾಗ ಹಟ್ಟಿ ಕೀಳೂದಿಲ್ಲ, ಅದಕ್ಕ ಒಂದಿನ ಮೊದಲ. ಕೇದಾರಿ ಫೋನ ಹತ್ತವಲ್ದು. ನೀವ ಹೇಳಿಬಿಡ್ರಿ."

"ಹೇಳತೇನವ್ವ. ಚಂದಂಗ ಬರಿ, ಹೋಗು."

ಫೋನು ಚೀಲಕ್ಕೆ ಹೋಗುವ ಮುನ್ನವೇ ಒಳಗಿನಿಂದ ಅವಳ ಹೆಸರು ಕರೆದರು. ಅವಳು ಎಂದೂ ಅಷ್ಟು ಜನರ ಮುಂದೆ ನಿಂತವಳಲ್ಲ. ಮೊದಲು ಬಸ್ಸಿನ ಜಗಳ ಹೇಳಿದಳು. ಜನ ನಕ್ಕರು. ಆಮೇಲೆ ಭಂಡಾರದ ಮಾತು ಹೇಳಿದಳು. "ನಾವು ಮಾಡಿದ್ದು ಬಾಳ ಏನಿಲ್ರಿ, ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಸೂದು ಅಷ್ಟ," ಎಂದು ಮುಗಿಸಿದಳು. ಕೂತವರು ಎದ್ದು ಚಪ್ಪಾಳೆ ತಟ್ಟಿದರು. ಬಸ್ಸಿನಲ್ಲಿ ಬರುವಾಗ ಆ ಚಪ್ಪಾಳೆ ಮತ್ತೆ ಮತ್ತೆ ಕೇಳಿಸುತ್ತಿತ್ತು. ಮನೆಯಲ್ಲಿ ಅಪ್ಪಣ್ಣನಿಗೆ ಎಲ್ಲವನ್ನೂ ಹೇಳಿದಳು, ಊಟಕ್ಕೆ ಏನಿತ್ತು ಎಂಬುದನ್ನೂ ಬಿಡದೆ.

ಶನಿವಾರ ಬೆಳಿಗ್ಗೆ ಪೂಜೆಗೆ ಕೂತಾಗ ಏನೋ ಮರೆತಂತೆ ಅನ್ನಿಸಿತು. ಎದ್ದು ಹೋಗಿ ಗ್ಯಾಸು ಬಂದ್ ಇದೆಯೇ ನೋಡಿ ಬಂದು ಮತ್ತೆ ಕೂತಳು.

ಮಧ್ಯಾಹ್ನ ಒಂದೂವರೆಗೆ ಗ್ರಂಥಾಲಯದ ಮುಂದೆ ಮಾಳು ಮೋಟರ್‌ಸೈಕಲ್ ನಿಲ್ಲಿಸಿ ಇಳಿಯದೆಯೇ ಕೂಗಿದ. "ಅಕ್ಕಾರ, ಕುರಿ ಬಿದ್ದಾವ! ಕೇದಾರಿ ಹೊಲದಾಗ!"

ಯಾವ ಕುರಿ ಎಂದು ಅವಳು ಕೇಳಲಿಲ್ಲ. ಆ ಗಳಿಗೆಯಲ್ಲಿ ಅರ್ಚನಾಳ ಧ್ವನಿ ಒಂದಕ್ಷರ ತಪ್ಪದಂತೆ ಅವಳ ಕಿವಿಯಲ್ಲಿ ನುಡಿಯಿತು.

ಹಿಂಡು ನಸುಕಿನಿಂದ ನಡೆದು ಬಂದಿತ್ತು. ಕಳೆದ ವರ್ಷ ಕುಡಿದ ದೋಣಿ ಅವಕ್ಕೆ ನೆನಪಿತ್ತು. ನೀರಡಿಸಿದ ಕುರಿಗಳು ಮುದುಕನ ಕೈ ಮೀರಿ ಓಡಿ ಬಾಯಿ ಹಾಕಿದ್ದವು. ಯೂರಿಯಾ ಕರಗಿದ ನೀರು ನೋಡಲು ತಿಳಿನೀರಿನ ಹಾಗೇ ಇರುತ್ತದೆ. ಕೇದಾರಿ ಅದನ್ನು ದೋಣಿಯಲ್ಲಿ ಕದಡಿಟ್ಟು, ಚಿಮುಕಿಸುವ ಪಂಪು ತರಲು ಮೂಡಲಗಿಗೆ ಹೋಗಿದ್ದ. ದಾಕ್ಷಾಯಿಣಿ ಹೋಗಿ ನೋಡುವಾಗ ರವದಿಯ ಮೇಲೆ ಕುರಿಗಳು ಹೊಟ್ಟೆ ಉಬ್ಬಿ, ಬಾಯಿಗೆ ನೊರೆ ಬಂದು, ಕಾಲು ಬಡಿಯುತ್ತಿದ್ದವು. ಬೀರಸಿದ್ದಪ್ಪ ಒಂದರಿಂದ ಇನ್ನೊಂದಕ್ಕೆ ಓಡುತ್ತಿದ್ದ. ಲಗಮವ್ವ ಒಂದು ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಏಳ ನನ್ನವ್ವ, ಏಳ," ಅನ್ನುತ್ತಿದ್ದಳು.

ದವಾಖಾನೆಯ ಡಾಕ್ಟರು ಫೋನಿನಲ್ಲೇ ಹುಳಿ ಕುಡಿಸಿರಿ ಅಂದರು, ತಾನು ಬರುತ್ತಿದ್ದೇನೆ ಅಂದರು. ಊರು ಹುಳಿ ತಂದಿತು. ಹೆಂಗಸರು ಹುಳಿ ಮಜ್ಜಿಗೆಯ ಗಡಿಗೆ ಹೊತ್ತು ಬಂದರು, ಹುಣಸೆಹಣ್ಣು ಕಿವುಚಿದ ನೀರು ತಂದರು. ಹುಡುಗರು ಒಂದೊಂದು ಕುರಿಯ ಬಾಯಿ ಬಿಡಿಸಿ ಸುರಿದರು. ಪಂಪು ಕಟ್ಟಿಕೊಂಡು ಬಂದ ಕೇದಾರಿ, ಬದುವಿನ ಮೇಲೆ ಅದನ್ನು ಎಸೆದು ಬಂದು, ಎಲ್ಲರ ಜತೆ ಸುರಿಯತೊಡಗಿದ. ಎಷ್ಟೋ ಉಳಿದವು. ಮೂವತ್ತೊಂದು ಉಳಿಯಲಿಲ್ಲ.

ಹೊತ್ತು ಇಳಿಯುವಾಗ ಗುಂಡಿ ತೋಡಿದರು. ಯಾರೋ ಒಬ್ಬ ಒಂದನ್ನು ಕಾಲು ಹಿಡಿದು ಎಳೆಯಹೋದ. ಲಗಮವ್ವ ಅವನ ಕೈ ಹಿಡಿದಳು. "ಎಳೀಬ್ಯಾಡ್ರೋ ಯಪ್ಪಾ. ಎತಗೊಂಡು ಬರ್ರಿ. ನಾವು ಎತಗೊಂಡ ಬೆಳಸೇವಿ." ಆಗ ಕುಲಗೋಡದ ರೈತರ ಮನೆಯ ಹುಡುಗ ಹುಡುಗಿಯರು, ಇಬ್ಬಿಬ್ಬರಾಗಿ, ಮೂವತ್ತೊಂದನ್ನೂ ತೋಳಲ್ಲಿ ಹೊತ್ತು ತಂದು ಮಲಗಿಸಿದರು. ಅಷ್ಟರಲ್ಲಿ ಗೋಕಾಕದ ಬಸ್ಸಿಳಿದು ಅರ್ಚನಾ ಬಂದಳು. ಗುಂಡಿಯ ಒಳಗೆ ನೋಡಿ, ನೆಟ್ಟಗೆ ಕೇದಾರಿಯ ಮುಂದೆ ಬಂದು ನಿಂತಳು.

"ಇವತ್ತ ಬರತಾವಂತ ಗೊತ್ತಿದ್ದೂ ದೋಣ್ಯಾಗ ಕದಡಿದಿ?"

"ಐತವಾರ ಅಂದಿದ್ರಿ..."

"ಶನಿವಾರ ಅಂತ ನಿನ್ನೇನ ಹೇಳಿ ಕಳಿಸೇನಿ!"

"ನನಗ ಯಾರೂ ಹೇಳಿಲ್ಲ ಅರ್ಚನಾ."

ಅವಳು ನಂಬಲಿಲ್ಲ. ನಾಲ್ಕು ಹೆಜ್ಜೆ ಆಚೆ ದಾಕ್ಷಾಯಿಣಿ ಮಜ್ಜಿಗೆಯ ಖಾಲಿ ಗಡಿಗೆ ಹಿಡಿದು ನಿಂತಿದ್ದಳು. ಬಾಯಿ ತೆರೆದಳು. ಮಾತು ಬರಲಿಲ್ಲ. ಅರ್ಚನಾ ಅಜ್ಜನ ಕಡೆಗೆ ಓಡಿದಳು. ಗಳಿಗೆ ದಾಟಿ ಹೋಯಿತು.

ಮರುದಿನದ ಹೊತ್ತಿಗೆ ಊರು ಎರಡಾಗಿತ್ತು. ಕೇದಾರಿಯ ಅಪ್ಪನಿಗೆ ಮೊದಲಿನಿಂದಲೂ ಹಟ್ಟಿ ಹಾಕುವುದು ಒಗ್ಗಿರಲಿಲ್ಲ, ಮಗನ ಕೈಯಿಂದ ಇದನ್ನು ಬೇಕಂತಲೇ ಮಾಡಿಸಿದ ಎಂದು ಕುರುಬರ ಓಣಿಯಲ್ಲಿ ಮಾತು ಹುಟ್ಟಿತು. ಕೇದಾರಿ ಮನೆಯಿಂದ ಹೊರಗೆ ಬರಲಿಲ್ಲ. ಅವನು ಉಣ್ಣುತ್ತಿಲ್ಲ ಎಂದು ಸುಮನ ಬಂದು ಹೇಳಿದಳು.

ತಾನು ಮರೆತದ್ದನ್ನು ದಾಕ್ಷಾಯಿಣಿ ಗಂಡನಿಗೆ ಹೇಳಿದಳು. ಅಪ್ಪಣ್ಣ ಒಳ್ಳೆಯ ಮನುಷ್ಯ. ಅವಳ ಮೇಲಿನ ಮಮತೆಯಿಂದಲೇ ಅಂದ, "ಸುಮ್ಮನಿರ. ಬೇಕಂತ ಮಾಡೀ ಏನ? ನಾಕ ದಿನಕ್ಕ ಎಲ್ಲಾ ಮರೀತಾರ. ನಿನ್ನ ಮಾತಿನ ಮ್ಯಾಲ ಈ ಊರಿನ ಎಷ್ಟ ಮನಿ ನಿಂತಾವು, ಅದನ್ನ ನೋಡು."

ಅದನ್ನೇ ಅವಳು ನೋಡುತ್ತಿದ್ದಳು. ಸೋಮವಾರ ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಳು, ದೃಷ್ಟಿ ನಿಲ್ಲಲಿಲ್ಲ. ದೇವರು ತನ್ನನ್ನು ಬೈಯಲಿ ಎಂದು ಕಾದಳು. ದೇವರು ಏನೂ ಅನ್ನಲಿಲ್ಲ. ಆ ಮೌನವೇ ಅವಳಿಗೆ ತಡೆಯದಾಯಿತು. ಮರೆತದ್ದು ಒಂದು ತಪ್ಪು. ಗುಂಡಿಯ ಬಾಯಲ್ಲಿ ನಿಂತು ಬಾಯಿ ಮುಚ್ಚಿದ್ದು ಇನ್ನೊಂದು. ಮೊದಲನೆಯದಕ್ಕೆ ಕುರಿ ಸತ್ತವು. ಎರಡನೆಯದಕ್ಕೆ ಇಪ್ಪತ್ತೆರಡು ವರ್ಷದ ಹುಡುಗ ಒಳಗೊಳಗೇ ಸಾಯುತ್ತಿದ್ದ.

ಮಂಗಳವಾರ ಗ್ರಂಥಾಲಯದ ಕಟ್ಟೆಯ ಮೇಲೆ ಎರಡೂ ಕಡೆಯ ಹಿರಿಯರು ಕೂಡಿದರು. ಒಂದು ಕಡೆ ಬೀರಸಿದ್ದಪ್ಪ, ಲಗಮವ್ವ, ಅರ್ಚನಾ. ಇನ್ನೊಂದು ಕಡೆ ಕೇದಾರಿ ತಲೆ ತಗ್ಗಿಸಿ, ಅವನ ಅಪ್ಪ ಮೀಸೆ ಬಿಗಿದು. ಮಾತು ಶುರುವಾಗುವ ಮೊದಲೇ ದಾಕ್ಷಾಯಿಣಿ ನಡುವೆ ಬಂದು ನಿಂತಳು.

"ಈ ಹುಡುಗಂದು ತಪ್ಪಿಲ್ಲ," ಅಂದಳು. "ಅರ್ಚನಾ ನನಗ ಫೋನ ಮಾಡಿ ಹೇಳಿದ್ಲು. ನಾ ಹೇಳತೇನಂದೆ. ಸಭಾದಾಗ ನನ್ನ ಹೊಗಳಿದ್ರು. ಆ ಹೊಗಳಿಕ್ಯಾಗ ಮರತೆ. ಶನಿವಾರ ಸಂಜಿಮುಂದ ಅಲ್ಲೇ ಹೇಳಬೇಕಿತ್ತು. ಅಂಜಿದೆ. ಮೂರು ದಿನ ಇವನ ಮ್ಯಾಲ ಹೊರಿಸಿ ಕುಂತೆ."

ಕೇದಾರಿ ತಲೆ ಎತ್ತಿ ಅವಳನ್ನು ನೋಡಿದ. ಬಿಡುಗಡೆಯಾದವನ ಮುಖ ಅದಾಗಿರಲಿಲ್ಲ. ಅರ್ಚನಾ ಮಾತ್ರ ನೋಡಲೇ ಇಲ್ಲ.

ಬೀರಸಿದ್ದಪ್ಪ ಮಾತಾಡಿದ. "ಹಿಂಗ ಖರೇ ಹೇಳವರು ಸಿಗೂದು ಕಮ್ಮಿ ತಂಗೀ. ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಹುಡುಗನ ಮ್ಯಾಲೂ ಇಲ್ಲ." ಕೇದಾರಿಯ ಅಪ್ಪ ನಷ್ಟ ತುಂಬಿಕೊಡುವ ಮಾತೆತ್ತಿದಾಗ ಮುದುಕ ಕೈ ಅಡ್ಡ ಮಾಡಿದ. "ಉಳದಾವು ನೋಡ್ರಿ, ಅವು ಈಗ ದೋಣಿ ಕಂಡ್ರ ಹಿಂದ ಸರೀತಾವ. ನೀರಡಿಸಿದ್ರೂ ಬಾಯಿ ಹಾಕವಲ್ವು. ನಾನೂ ಅವುಗಳಂಗ ಆಗೇನಿ. ನನಗ ಈಗ ಧೈರ್ಯ ಸಾಲೂದಿಲ್ಲ."

ಅವನು ಹದಿನೈದು ದಿನದಲ್ಲಿ ಹಿಂಡು ಮಾರಿದ. ಹುಕ್ಕೇರಿಯ ಸಂಸ್ಥೆಯವರು ಬಂದು, ಆದದ್ದು ಆಯಿತು, ಮತ್ತೆ ಕೂಡೋಣ ಎಂದರು. ಕೂಡುವವರು ಇರಲಿಲ್ಲ. ಮುಂದಿನ ಐತವಾರಗಳಲ್ಲಿ ಗ್ರಂಥಾಲಯಕ್ಕೆ ಮಾಳು, ಸುಮನ ಬಂದು ಸ್ವಲ್ಪ ಹೊತ್ತು ಕೂತು ಹೋದರು. ಆಮೇಲೆ ಅವರೂ ಬರುವುದು ಬಿಟ್ಟರು.

ವರ್ಷ ಒಂದು ಉರುಳಿತು. ಮತ್ತೆ ಕಬ್ಬು ಕಡಿಯುವ ದಿನ ಬಂದಾಗ ಕೇದಾರಿ ಗ್ರಂಥಾಲಯದ ಬಾಗಿಲಲ್ಲಿ ನಿಂತ. ಅವನ ಮುಖ ಇನ್ನೂ ತುಂಬಿರಲಿಲ್ಲ.

"ಅಕ್ಕಾರ, ನಾ ನಮ್ಮ ಹೊಲದಾಗ ಸುಡೂದಿಲ್ಲ. ಉಳದವರು ಸುಡಾಕತ್ತಾರ. ಅರ್ಚನಾ ಒಂದ ಸಲ ಬಂದ್ರ... ಬ್ಯಾರೆ ಕುರುಬರಿಗೆ ಆಕೀನ ಹೇಳಿದ್ರ ಬರಬಹುದು. ನನ್ನ ಫೋನ ಎತ್ತೂದಿಲ್ಲ ಆಕಿ. ನೀವ ಕೇಳಿ ಬರತೀರೇನ?"

ಅವಳಿಗೆ ಹೋಗುವ ಧೈರ್ಯವಿರಲಿಲ್ಲ. ಆದರೆ ಕೇಳುತ್ತಿದ್ದವನು ಕೇದಾರಿ. ಹೋದಳು.

ಅರ್ಚನಾ ಈಗ ಹೆದ್ದಾರಿಯ ಬಾಜೂ ಒಂದು ಪ್ಯಾಕಿಂಗ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಪಾಳಿ ಮುಗಿಸಿ ಬಂದವಳು ಹತ್ತರಗಿಯ ಬಸ್ ನಿಲ್ದಾಣದ ಬೆಂಚಿನ ಮೇಲೆ ದಾಕ್ಷಾಯಿಣಿಯ ಪಕ್ಕ ಕೂತಳು. ಅಜ್ಜ ಹಿಂಡು ಮಾರಿದ ಮೇಲೆ ಮನೆಯಲ್ಲಿ ಕೂರಲಾರದೆ ದಿನಾ ಗುಡ್ಡದವರೆಗೆ ಬರಿಗೈಯಲ್ಲಿ ಹೋಗಿ ಬರುತ್ತಾನೆ ಎಂದು ಹೇಳಿದಳು. ಪರೀಕ್ಷೆ ಪಾಸಾದೆ ಅಂದಳು. ದಾಕ್ಷಾಯಿಣಿ ಎಲ್ಲವನ್ನೂ ಕೇಳಿ, ಕೊನೆಗೆ ಕೇದಾರಿಯ ಮಾತು ಮುಟ್ಟಿಸಿದಳು.

ಲಾರಿಗಳು ಹಾದುಹೋಗುವುದನ್ನು ಅರ್ಚನಾ ನೋಡುತ್ತ ಕೂತಳು.

"ಕೇದಾರಿಗೆ ಹೇಳ್ರಿ, ಅವಗ ನಾ ಸುಳ್ಳ ಬೈದೆ, ಅದು ನನಗ ದಿನಾ ನೆನಪಾಗತೈತಿ ಅಂತ. ಅದಕ್ಕ ಫೋನ ಎತ್ತಾಕ ಆಗವಲ್ದು. ಆದ್ರ ನಾ ಬರೂದಿಲ್ಲ. ಇನ್ನೊಬ್ಬರ ಹಿಂಡಿಗೆ 'ಬರ್ರಿ' ಅನ್ನೂ ಬಾಯಿ ನನಗಿಲ್ಲ." ತಿರುಗಿ ನೋಡದೆ ಅಂದಳು, "ನಿಮ್ಮ ಮ್ಯಾಲ ಸಿಟ್ಟಿಲ್ರಿ ಅಕ್ಕಾರ. ಖರೇನ ಇಲ್ಲ. ಆದ್ರ ನಿಮಗ ಏನರ ಹೇಳಿ ಕಳಸಬೇಕಂದ್ರ ಈಗ ನನಗ ಭಯ ಆಗತೈತಿ. ಇದನ್ನೂ ಅವಗ ಹೇಳ್ರಿ."

ಬಸ್ಸು ಬಂತು. ಗೋಕಾಕದಲ್ಲಿ ಬಸ್ಸು ಬದಲಿಸಿ ಕುಲಗೋಡಕ್ಕೆ ಬರುವಾಗ ರಸ್ತೆಯ ಎರಡೂ ಕಡೆ ರವದಿ ಉರಿಯುತ್ತಿತ್ತು. ಕೇದಾರಿ ಊರ ನಿಲ್ದಾಣದಲ್ಲಿ ಕಾದಿದ್ದ. ಅವಳ ಕೈಚೀಲ ತಗೊಂಡ. ಇಬ್ಬರೂ ನಡೆಯತೊಡಗಿದರು.

ಇಷ್ಟು ವರ್ಷ ಅವಳು ಮಾತುಗಳ ಮುಳ್ಳು ಕಿತ್ತು ಮುಟ್ಟಿಸಿದವಳು. ನೋವಾಗುವುದನ್ನು ಬಿಟ್ಟು, ಉಳಿದದ್ದಕ್ಕೆ ಸ್ವಲ್ಪ ಮಮತೆ ಸೇರಿಸಿ ಹೇಳುವುದು ಅವಳ ರೂಢಿ. ಈಗಲೂ ನಾಲಿಗೆ ಅದಕ್ಕೇ ಎಳೆಯಿತು. ಮೊದಲ ಮಾತಷ್ಟನ್ನು ಹೇಳಿ ನಿಲ್ಲಿಸಿದರೆ ಹುಡುಗ ಇವತ್ತು ನೆಮ್ಮದಿಯಾಗಿ ಉಂಡು ಮಲಗಿಯಾನು. ಆದರೆ ಅವಳು ದಾರಿಯ ನಡುವೆ ನಿಂತು, ಅರ್ಚನಾ ಹೇಳಿದ್ದನ್ನು ಹೇಳಿದ ಹಾಗೆಯೇ, ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಬರುವುದಿಲ್ಲ ಎಂಬುದನ್ನು ಹೇಳಿದಳು. ತನ್ನ ಬಗ್ಗೆ ಆಡಿದ ಮಾತನ್ನೂ ಹೇಳಿದಳು.

ಕೇದಾರಿ ಕೇಳಿಸಿಕೊಂಡ. "ಹೂಂ," ಅಂದ. ಹೊಗೆಗೋ ಏನೋ, ಅವನ ಕಣ್ಣಲ್ಲಿ ನೀರು ಬಂದಿತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವನ ಹಿಂದೆ ನಡೆದಳು.